ಅಳಬಾರದ ಹುಡುಗಿ

ನಮ್ಮಲ್ಲಿ ಯಾರಿಗೆ ಯಾವ ಆಪರೇಷನ್ ಆಗಬೇಕಾದರೂ ಮೊದಲು ಹಲ್ಲಿನ ಡಾಕ್ಟರ ಚೀಟಿ ಬೇಕು. ‘ಬಾಯಿ ಶುದ್ಧವಾಗಿದೆ, ಸೋಂಕಿಲ್ಲ’ ಎಂದು ಬರೆದು, ಸಹಿ ಹಾಕಿ, ಮುದ್ರೆ ಒತ್ತಿ ಕೊಡಬೇಕು. ಸೋವಿಯತ್ ಕಾಲದ ನಿಯಮ. ಆ ದೇಶ ಹೋಯಿತು, ನಿಯಮ ಉಳಿಯಿತು. ನರಿನ್ ನದಿಯ ದಂಡೆಯ ಈ ಪುಟ್ಟ ಪಟ್ಟಣದಲ್ಲಿ ಮೂವತ್ತೊಂದು ವರ್ಷದಿಂದ ಆ ಚೀಟಿ ಬರೆಯುತ್ತಿರುವವಳು ನಾನು, ಬುರುಲ್ಕಾನ್. ಮೂಲವ್ಯಾಧಿಯವರು ಬಂದು, ಅಲ್ಲಿಗೂ ಬಾಯಿಗೂ ಏನು ಸಂಬಂಧ ಡಾಕ್ಟ್ರೇ ಎಂದು ಕೇಳುತ್ತಾರೆ. ನಾನು ನಕ್ಕು ಮುದ್ರೆ ಒತ್ತುತ್ತೇನೆ. ಹಾಗೆ ಚೀಟಿ ಕೊಟ್ಟವರಲ್ಲಿ ಅರ್ಧ ಜನರ ಬಾಯಿಯನ್ನಾದರೂ ತೆರೆಸಿ ನೋಡಿದ್ದೀರಾ ಎಂದು ಮಾತ್ರ ನನ್ನನ್ನು ಕೇಳಬೇಡಿ.

ಮಾರ್ಚ್ ಹತ್ತರಂದು, ಬೀದಿಯ ಹಿಮ ಕೆಸರಾಗುತ್ತಿದ್ದ ಬೆಳಿಗ್ಗೆ, ಬಾತ್ಮಾ ಬಂದರು. ಎಪ್ಪತ್ತರ ಹತ್ತಿರದ ಹೆಂಗಸು, ತಲೆಗೆ ಬಿಳಿ ಬಟ್ಟೆ, ಬೆನ್ನ ಮೇಲೆ ಮೊಮ್ಮಗಳು ಪೆರಿಜಾತ್. ಹಿಂದೆ ಎರಡು ಹೆಜ್ಜೆ ಬಿಟ್ಟು, ತಲೆ ತಗ್ಗಿಸಿಕೊಂಡು, ಆಸ್ಪತ್ರೆಯ ಕಾಗದಪತ್ರಗಳ ಚೀಲ ಹಿಡಿದ ಸೊಸೆ ಅನಾರಾ. ಹೆತ್ತವಳು ಅನಾರಾ. ಆದರೆ ನಮ್ಮಲ್ಲಿ ಚೊಚ್ಚಲ ಮಗು ಅಜ್ಜ ಅಜ್ಜಿಯ ಪಾಲು. ಮಗು ಅಜ್ಜಿಯ ಮಗ್ಗುಲಲ್ಲೇ ಮಲಗುತ್ತದೆ, ಅಜ್ಜಿಯನ್ನೇ ‘ಅಪಾ’, ಅಂದರೆ ಅಮ್ಮ, ಎಂದು ಕರೆಯುತ್ತದೆ. ಹೆತ್ತವಳನ್ನು ಅಕ್ಕನಂತೆ ಹೆಸರು ಹಿಡಿದು ಕೂಗುತ್ತದೆ. ಪೆರಿಜಾತಳೂ ಹಾಗೆಯೇ, ‘ಅನಾರಾ, ನನ್ನ ಟೋಪಿ ಎಲ್ಲಿ’ ಎನ್ನುತ್ತಿದ್ದಳು.

ಐದು ತುಂಬಿದ ಹುಡುಗಿ, ನೋಡಿದರೆ ಮೂರು ವರ್ಷದವಳು ಎನ್ನಬೇಕು. ತುಟಿಯೂ ಉಗುರೂ ನೀಲಿ. ಹುಟ್ಟುವಾಗಲೇ ಹೃದಯದ ಗೋಡೆಯಲ್ಲಿ ತೂತು, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಕಿರಿದು. ಬೆನ್ನಿನಿಂದ ಇಳಿಸಿದರೆ ಹತ್ತು ಹೆಜ್ಜೆ ನಡೆದು ಕುಕ್ಕರುಗಾಲಲ್ಲಿ ಕೂರುತ್ತಾಳೆ, ಉಸಿರು ಕೂಡಿಸಿಕೊಂಡು ಮತ್ತೆ ಏಳುತ್ತಾಳೆ. ರಾಜಧಾನಿಯ ಹೃದಯದ ಆಸ್ಪತ್ರೆಯವರು ಏಪ್ರಿಲ್ ಹನ್ನೆರಡಕ್ಕೆ ಆಪರೇಷನ್ ಗೊತ್ತು ಮಾಡಿದ್ದರು. ಎರಡು ವರ್ಷ ಕಾದು ಸಿಕ್ಕಿದ ದಿನ. ಅದು ತಪ್ಪಿದರೆ ಮುಂದಿನದು ಯಾವಾಗಲೋ ಗೊತ್ತಿಲ್ಲ, ಆದರೆ ಈ ವರ್ಷ ದಾಟಿಸಬೇಡಿ ಎಂದು ಹೇಳಿ ಕಳಿಸಿದ್ದರು. ಉಳಿದದ್ದು ನನ್ನ ಚೀಟಿಯೊಂದೇ.

ಬಾತ್ಮಾ ಮೇಜಿನ ಮೇಲೆ ಒಂದು ಜಾಡಿ ಕೆನೆ ಇಟ್ಟರು. ಬೇಗ ಬರೆದುಕೊಡು ಮಗಳೇ, ಮಗೂಗೆ ಇಲ್ಲಿ ಕೂರೋಕಾಗಲ್ಲ ಎಂದರು. ನಾನು ಪೆನ್ನು ತೆಗೆದೂ ಆಗಿತ್ತು. ಅಷ್ಟರಲ್ಲಿ ಹುಡುಗಿ ನನ್ನ ಮೇಜಿನ ಮೇಲಿದ್ದ ಪ್ಲಾಸ್ಟಿಕ್ ದವಡೆಯನ್ನು ನೋಡಿ ಕೈಯಿಂದ ಬಾಯಿ ಮುಚ್ಚದೆ ನಕ್ಕಳು. ವಾಸನೆ ಮೇಜು ದಾಟಿ ಬಂತು. ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವಳಿಗೆ ಅದು ಯಾವ ವಾಸನೆ ಎಂದು ಯಾರೂ ಹೇಳಬೇಕಾಗಿಲ್ಲ. ಪೆನ್ನು ಇಟ್ಟು, ಬಾಯಿ ತೆರೆ ಕಂದ ಎಂದೆ.

ಮೇಲಿನ ಮುಂದಿನ ನಾಲ್ಕು ಹಲ್ಲು ಒಸಡಿನ ಮಟ್ಟಕ್ಕೆ ಕರಗಿ ಕರಿ ಮೊಳೆಗಳಾಗಿದ್ದವು. ಕೆಳಗಿನ ಎರಡು ದವಡೆ ಹಲ್ಲು ಪೊಳ್ಳು. ಒಂದರ ಬುಡದಲ್ಲಿ ಕೀವಿನ ಗುಳ್ಳೆ. ಕನ್ನಡಿ ತಾಗಿದಲ್ಲೆಲ್ಲ ಒಸಡಿನಿಂದ ರಕ್ತ. ಸಂಜೆ ಹೊತ್ತು ಮೈ ಬಿಸಿಯಾಗುತ್ತದೆಯೇ ಎಂದು ಕೇಳಿದೆ. ಚಳಿಗಾಲದಿಂದ ಆಗುತ್ತಿದೆ, ಅದು ಹೃದಯದ ಜ್ವರ ಎಂದರು ಬಾತ್ಮಾ. ಆಗ ಹುಡುಗಿಯ ಕೊರಳಲ್ಲಿ ದಾರಕ್ಕೆ ಕಟ್ಟಿದ್ದ ಸಣ್ಣ ಗಂಟು ಕಣ್ಣಿಗೆ ಬಿತ್ತು. ತೆಳು ಬಟ್ಟೆಯೊಳಗೆ ಹಳದಿ ಕಲ್ಲುಸಕ್ಕರೆ. ಬಟ್ಟೆ ಚೀಪಿ ಚೀಪಿ ಒದ್ದೆಯಾಗಿತ್ತು. ಕಲ್ಲುಸಕ್ಕರೆ ಹೃದಯಕ್ಕೆ ಬಲ ಎಂದು ನಮ್ಮ ಮುದುಕಿಯರೆಲ್ಲ ನಂಬಿದ್ದಾರೆ. ನನ್ನ ತಾಯಿಯೂ ನಂಬಿದ್ದಳು.

“ಹಾಲು ಹಲ್ಲು ತಾನೇ, ಹೇಗೂ ಬಿದ್ದೋಗತ್ತೆ. ನೀನು ಸಹಿ ಹಾಕು,” ಎಂದರು ಬಾತ್ಮಾ.

ನನಗೆ ಸಿಟ್ಟು ಬಂದರೆ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಗಂಡ ಬದುಕಿದ್ದಾಗ, ನಿನ್ನ ಇಂಜೆಕ್ಷನ್‌ಗಿಂತ ನಿನ್ನ ಮಾತೇ ಚುಚ್ಚುತ್ತೆ ಎನ್ನುತ್ತಿದ್ದ. ಸೊಸೆ ನಿಂತಿದ್ದಾಳೆ, ಹಿರಿಯ ಹೆಂಗಸು ಎನ್ನುವುದನ್ನೂ ನೋಡದೆ ಬೈದೆ. ಒಸಡಿನ ಕೀವಿನಿಂದ ಕ್ರಿಮಿಗಳು ದಿನಾ ರಕ್ತಕ್ಕೆ ಇಳಿಯುತ್ತಿವೆ, ಆ ರಕ್ತ ಹೋಗುವುದು ಎಲ್ಲಿಗೆ, ಅದೇ ತೂತು ಬಿದ್ದ ಹೃದಯಕ್ಕೆ. ಡಾಕ್ಟರು ಅಲ್ಲಿ ತೇಪೆ ಹಾಕಿದರೆ ಆ ತೇಪೆಯ ಮೇಲೇ ಹೋಗಿ ಕೂರುತ್ತವೆ, ಆಮೇಲೆ ಯಾವ ಔಷಧಿಯೂ ನಾಟುವುದಿಲ್ಲ. ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆಗಲಿಲ್ಲ.

“ಹೃದಯದ ರೋಗ ದೇವರು ಕೊಟ್ಟಿದ್ದು ಅಪಾ. ಇದು ನೀವು ಕೊಟ್ಟಿದ್ದು.”

ಬಾತ್ಮಾ ತೆರೆದೇ ಇದ್ದ ಮಗುವಿನ ಬಾಯಿಯನ್ನು ತಮ್ಮ ಅಂಗೈಯಿಂದ ಮೆಲ್ಲಗೆ ಮುಚ್ಚಿದರು. ಮಾತಾಡಿದ್ದು ಅನಾರಾ. ನೆಲ ನೋಡುತ್ತಲೇ ಕಾಗದದ ಚೀಲ ಬಿಚ್ಚಿದಳು.

“ಎರಡು ವರ್ಷದ ಹಿಂದೇನೂ ಬಂದಿದ್ವಿ ಡಾಕ್ಟ್ರೇ. ರಕ್ತನಾಳದಲ್ಲಿ ನಳಿಕೆ ಹಾಕಿ ಹೃದಯ ನೋಡಬೇಕು ಅಂದಿದ್ರಲ್ಲ, ಅವಾಗ. ನೀವೇ ಬರ್ಕೊಟ್ಟಿದ್ರಿ.”

ಚೀಟಿ ನನ್ನದೇ. ಬಾಯಿ ಶುದ್ಧವಾಗಿದೆ, ಸೋಂಕಿಲ್ಲ. ನನ್ನ ಸಹಿ, ನನ್ನ ಮುದ್ರೆ. ಆಗ ನೆನಪಾಯಿತು. ಹೃದಯದ ಮಗು ಎಂದು ಕೇಳಿದ ಕೂಡಲೇ, ನನ್ನ ಕುರ್ಚಿಯಲ್ಲಿ ಕೂತಿರುವಾಗಲೇ ಏನಾದರೂ ಆಗಿಬಿಟ್ಟರೆ ಎಂದು ಹೆದರಿ, ಬಾಗಿಲಲ್ಲೇ ನಿಲ್ಲಿಸಿ ಬರೆದುಕೊಟ್ಟು ಸಾಗಹಾಕಿದ್ದೆ. ಆಗ ಆ ಹಲ್ಲುಗಳಲ್ಲಿ ಒಂದೆರಡು ಕಂದು ಚುಕ್ಕಿ ಇದ್ದಿರಬೇಕು. ಅರ್ಧ ಗಂಟೆಯ ಕೆಲಸ, ಒಂದು ಒಳ್ಳೆಯ ಮಾತು, ಅಷ್ಟರಲ್ಲಿ ಮುಗಿಯುತ್ತಿತ್ತು. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಮೇಕೆ ನನ್ನ ಎದುರಿಗೇ ಕೂತಿತ್ತು, ನಾನು ಒರೆಸಿಯೂ ಆಗಿತ್ತು.

ಕ್ಷಮೆ ಕೇಳುವ ಬುದ್ಧಿ ಆಗ ಬರಲಿಲ್ಲ. ನಾಳೆ ಬನ್ನಿ ಎಂದೆ. ಅವರು ಕೆನೆಯ ಜಾಡಿಯನ್ನು ಅಲ್ಲೇ ಬಿಟ್ಟು ಹೋದರು.

ಅಂದೇ ರಾಜಧಾನಿಯ ಹೃದಯದ ಡಾಕ್ಟರಿಗೆ ಫೋನ್ ಮಾಡಿದೆ. ಚಿಕ್ಕ ವಯಸ್ಸಿನ ದನಿ, ಆದರೆ ಮಾತು ಗಟ್ಟಿ. ಆ ಬಾಯಿಯಿಟ್ಟುಕೊಂಡು ಮಗುವನ್ನು ಮೇಜಿನ ಮೇಲೆ ಮಲಗಿಸುವುದಿಲ್ಲ, ನೀವು ಚೀಟಿ ಕೊಟ್ಟರೂ ನಾನು ನೋಡಿಯೇ ನೋಡುತ್ತೇನೆ ಎಂದರು. ರಾಜಧಾನಿಯಲ್ಲಿ ಮಕ್ಕಳಿಗೆ ಅರಿವಳಿಕೆ ಕೊಟ್ಟು ಹಲ್ಲು ಕೀಳುವ ಕಡೆ ಸರದಿ ಜೂನ್‌ವರೆಗೆ ತುಂಬಿತ್ತು. ಹಾಗಾಗಿ ನಾವೇ ಮಾಡಬೇಕು. ಮೊದಲು ರಕ್ತ ಪರೀಕ್ಷೆ. ಪ್ರತಿ ಸಲವೂ ಕೀಳುವ ಒಂದು ಗಂಟೆ ಮೊದಲು ಸೋಂಕಿನ ಔಷಧಿ. ಒಂದು ಸಲಕ್ಕೆ ಎರಡೇ ಹಲ್ಲು. ಆಮ್ಲಜನಕ ಪಕ್ಕದಲ್ಲಿರಲಿ, ಮಕ್ಕಳ ಡಾಕ್ಟರು ಜೊತೆಯಲ್ಲಿರಲಿ. ಏಪ್ರಿಲ್ ಒಂದರೊಳಗೆ ಎಲ್ಲ ಮುಗಿದರೆ ಗಾಯ ಮಾಯಲು ಹತ್ತು ದಿನ ಸಿಗುತ್ತದೆ.

ನಮ್ಮ ಆಸ್ಪತ್ರೆಯ ಮಕ್ಕಳ ಡಾಕ್ಟರು ಮುಕಾಶ್. ಒಳ್ಳೆಯವನು, ಆದರೆ ಪುಕ್ಕಲ. ನನ್ನ ಪಾಳಿಯಲ್ಲಿ ಏನಾದರೂ ಆದರೆ ನನ್ನ ಗತಿಯೇನು ಬುರುಲ್ಕಾನ್ ಅಕ್ಕಾ ಎಂದು ಗೋಳಾಡಿದ. ನಿನ್ನ ಗತಿ ನೋಡಿಕೊಳ್ಳಲು ನಿನ್ನ ಹೆಂಡತಿ ಇದ್ದಾಳೆ, ನೀನು ಮಗುವನ್ನು ನೋಡಿಕೋ ಎಂದೆ. ಒಪ್ಪಿದ. ಎಲ್ಲ ಸಿದ್ಧವಾಯಿತು. ಮರುದಿನ ಬಾತ್ಮಾ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಮೂರನೆಯ ದಿನ ಮಧ್ಯಾಹ್ನ ನಾನೇ ಅವರ ಮನೆಗೆ ಹೋದೆ. ಸಿಟ್ಟಾಗಿದ್ದರೂ ಬಾತ್ಮಾ ಅತಿಥಿಗೆ ಮಾಡಬೇಕಾದ್ದನ್ನು ಬಿಡಲಿಲ್ಲ. ನನ್ನನ್ನು ಬಾಗಿಲಿಂದ ದೂರದ ಗೌರವದ ಜಾಗದಲ್ಲಿ ಕೂರಿಸಿ, ರೊಟ್ಟಿ ಮುರಿದು ಮುಂದಿಟ್ಟರು. ಅನಾರಾ ಮೂಲೆಯಲ್ಲಿ ಕೂತು ಬಟ್ಟಲಿಗೆ ಅರ್ಧರ್ಧ ಚಹಾ ಬಗ್ಗಿಸಿಕೊಡುತ್ತಿದ್ದಳು. ಪೆರಿಜಾತ್ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿದ್ದಳು, ಆ ಗಂಟು ಬಾಯಲ್ಲೇ ಇತ್ತು. ಯಾಕೆ ಬರಲಿಲ್ಲ ಎಂದು ನಾನು ಕೇಳುವ ಮೊದಲೇ ಬಾತ್ಮಾ ಹೇಳಿದರು, ತಣ್ಣಗೆ.

“ನೀನು ಸೂಜಿ ಚುಚ್ಚಿದ್ರೆ ಅಳ್ತಾಳೆ. ಅತ್ರೆ ಇನ್ನೂ ನೀಲಿಯಾಗ್ತಾಳೆ, ಉಸಿರು ಕಟ್ಟುತ್ತೆ. ಇವಳು ಹುಟ್ಟಿದಾಗಿಂದ ಒಂದು ಸಲನೂ ಪೂರ್ತಿ ಅಳೋಕೆ ಬಿಟ್ಟಿಲ್ಲ ನಾನು.”

ನಾಲಿಗೆಯ ತುದಿಗೆ ಬಂದ ಮಾತನ್ನು ಚಹಾದ ಜೊತೆ ನುಂಗಿದೆ. ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ.

ಅನಾರಾಳ ಗಂಡ ಹುಟ್ಟುವುದಕ್ಕೂ ಮೊದಲು ಬಾತ್ಮಾಗೆ ಎರಡು ಕೂಸು ಹುಟ್ಟಿ ತೀರಿಕೊಂಡಿದ್ದವಂತೆ. ಮೂರನೆಯದಕ್ಕೆ ಟುರ್ಸುನ್ ಎಂದು ಹೆಸರಿಟ್ಟರು. ಮಕ್ಕಳು ಉಳಿಯದ ಮನೆಯಲ್ಲಿ ಇಡುವ ಹೆಸರು, ‘ಇದಾದರೂ ನಿಲ್ಲಲಿ’ ಎಂದು. ಅವನೂ ಹೀಗೇ ನೀಲಿ. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಮೇಲಿನ ಹುಲ್ಲುಗಾವಲಿಗೆ ಹೋಗಿದ್ದರು. ಬಾತ್ಮಾ ಕುದುರೆ ಹಾಲು ಕರೆಯುತ್ತಿದ್ದಾಗ ಗುಡಾರದೊಳಗೆ ಹುಡುಗ ಏತಕ್ಕೋ ಅಳಲು ಶುರು ಮಾಡಿದ. ಅಳಲಿ, ಒಂದು ಗಳಿಗೆ ಅಳಲಿ, ಗಂಡು ಹುಡುಗ, ಇದೊಂದು ಕುದುರೆ ಮುಗಿಸಿ ಹೋಗುತ್ತೇನೆ ಎಂದುಕೊಂಡರು. ಕುದುರೆ ಮುಗಿಯಿತು. ಅಳುವೂ ನಿಂತಿತ್ತು.

“ನಿಲ್ಲಲಿ ಅಂತ ಹೆಸರಿಟ್ಟೆ. ನಿಲ್ಲಲಿಲ್ಲ,” ಎಂದರು. “ಇವಳು ನೀಲಿಯಾಗಿ ಹುಟ್ಟಿದ ದಿನಾನೇ ಅನಾರಾ ಕೈಯಿಂದ ಎತ್ಕೊಂಡೆ. ಚೊಚ್ಚಲು ನಮ್ಮ ಪಾಲು ಅಂದೆ. ಪಾಲಿಗಲ್ಲ ಮಗಳೇ. ಅನಾರಾಗೆ ಚಿಕ್ಕ ವಯಸ್ಸು, ಗೊತ್ತಾಗಲ್ಲ, ಅಳೋಕೆ ಬಿಟ್ಬಿಡ್ತಾಳೆ ಅಂತ.”

ಅನಾರಾಳ ಕೈಯಲ್ಲಿ ಚಹಾದ ಬಟ್ಟಲು ಅರ್ಧದಲ್ಲೇ ನಿಂತಿತ್ತು. ಐದು ವರ್ಷದಲ್ಲಿ ಆಕೆಗೂ ಈ ಮಾತು ಅದೇ ಮೊದಲು ಕೇಳಿದ್ದು ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಆಗ ನಾನು ನನ್ನದನ್ನೂ ಹೇಳಿಬಿಟ್ಟೆ. ಎರಡು ವರ್ಷದ ಹಿಂದೆ ಬಾಯಿ ನೋಡದೆ ಸಹಿ ಹಾಕಿದ್ದು, ಮಗು ನನ್ನ ಕುರ್ಚಿಯಲ್ಲಿ ಸತ್ತರೆ ಎಂದು ಹೆದರಿದ್ದು, ಮೊನ್ನೆ ಆ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿದ್ದು. ನಿಮಗೆ ಹೆದರಿಕೆ, ನನಗೂ ಹೆದರಿಕೆ, ಇಬ್ಬರ ಹೆದರಿಕೆಯನ್ನೂ ಹೊತ್ತಿರುವುದು ಈ ಮಗುವಿನ ಬಾಯಿ ಎಂದೆ.

ಬಾತ್ಮಾ ರೊಟ್ಟಿಯ ತುಣುಕುಗಳನ್ನು ಒಟ್ಟು ಮಾಡತೊಡಗಿದರು. ಅನಾರಾ ಬಟ್ಟಲನ್ನು ನನ್ನ ಮುಂದಿಟ್ಟು, ಮದುವೆಯಾಗಿ ಬಂದಮೇಲೆ ಆ ಮನೆಯಲ್ಲಿ ಯಾವತ್ತೂ ಮಾಡದ ಕೆಲಸ ಮಾಡಿದಳು. ಅತ್ತೆಯ ಮುಖವನ್ನು ನೇರವಾಗಿ ನೋಡಿ ಮಾತಾಡಿದಳು.

“ಅಪಾ, ನನಗೂ ಅವಳನ್ನ ಹಿಡ್ಕೊಳ್ಳೋದು ಹೇಗೆ ಅಂತ ಹೇಳ್ಕೊಡಿ. ನಾಳೆ ನಾನೂ ಬರ್ತೀನಿ.”

ಬಾತ್ಮಾ ಮಲಗಿದ್ದ ಮಗುವಿನ ಬಾಯಿಂದ ಗಂಟನ್ನು ಬಿಡಿಸಿ ತಮ್ಮ ಜೇಬಿಗೆ ಹಾಕಿಕೊಂಡರು.

ಮರುದಿನ ಬಂದರು. ರಕ್ತ ಪರೀಕ್ಷೆಯಲ್ಲಿ ಉರಿಯೂತದ ಅಂಕಿ ಇರಬೇಕಾದ್ದಕ್ಕಿಂತ ನಾಲ್ಕು ಪಟ್ಟಿತ್ತು. ಹೃದಯದ ಜ್ವರವಲ್ಲ, ಹಲ್ಲಿನ ಜ್ವರ. ಔಷಧಿ ಕೊಟ್ಟು ಒಂದು ಗಂಟೆ ಕಾದೆವು. ಮುಕಾಶ್ ಆಮ್ಲಜನಕದ ಸಿಲಿಂಡರಿನ ಪಕ್ಕದಲ್ಲಿ ಬೆವರುತ್ತಾ ನಿಂತಿದ್ದ. ಅನಾರಾ ಕುರ್ಚಿಯ ಪಕ್ಕದಲ್ಲಿ, ಬಾತ್ಮಾ ಹೊರಗೆ ಬೆಂಚಿನ ಮೇಲೆ. ಅಜ್ಜಿ ಕಂಡರೆ ಮಗು ಇನ್ನೂ ಹಟ ಮಾಡುತ್ತದೆ ಎಂದು ನಾನೇ ಹೊರಗೆ ಕೂರಿಸಿದ್ದೆ. ಮೂವತ್ತೊಂದು ವರ್ಷದ ಅನುಭವ ನೋಡಿ.

ಸೂಜಿ ಒಸಡಿಗೆ ತಾಗಿತು. ಪೆರಿಜಾತ್ ಒಮ್ಮೆ ಸುಮ್ಮನೆ ನನ್ನನ್ನು ನೋಡಿದಳು, ನಂಬಿ ಕೆಟ್ಟವಳಂತೆ, ಆಮೇಲೆ ಕಿರುಚಿದಳು. ಎರಡನೆಯ ಕಿರುಚಿಗೆ ತುಟಿ ನೀಲಿಯಿಂದ ಕಪ್ಪಿಗೆ ತಿರುಗಿತು. ಮೂರನೆಯದಕ್ಕೆ ದನಿ ಹೊರಡಲಿಲ್ಲ. ತಲೆ ನನ್ನ ತೋಳಿನ ಮೇಲೆ ವಾಲಿತು. ಮುಕಾಶ್ ಆಮ್ಲಜನಕದ ಮಾಸ್ಕ್ ಹಾಕಲು ಹೋಗಿ ಕೊಳವೆಯನ್ನೇ ಕಿತ್ತುಬಿಟ್ಟ. ನಾನು, ಊರಿಗೆಲ್ಲ ಬುದ್ಧಿ ಹೇಳುವ ಬುರುಲ್ಕಾನ್, ಕಲ್ಲಾಗಿ ನಿಂತಿದ್ದೆ.

ಬಾಗಿಲು ತೆರೆದದ್ದು ಕಾಣಲಿಲ್ಲ. ಬಾತ್ಮಾ ನನ್ನನ್ನು ಮೊಣಕೈಯಿಂದ ಆಚೆ ತಳ್ಳಿ ಮಗುವನ್ನು ಕುರ್ಚಿಯಿಂದ ಎತ್ತಿಕೊಂಡರು. ನೆಲದ ಮೇಲೆ ಕೂತರು. ಮಗುವಿನ ಎರಡೂ ಮೊಣಕಾಲನ್ನು ಮಡಿಚಿ ಅದರ ಎದೆಗೇ ಗಟ್ಟಿಯಾಗಿ ಒತ್ತಿ, ಇಡೀ ಹುಡುಗಿಯನ್ನು ತಮ್ಮ ಎರಡು ತೋಳಿನೊಳಗೆ ಮುದುರಿಕೊಂಡರು. “ಹಿಡಿ ಅನಾರಾ, ಪಾದ ಹಿಡಿ, ಮೇಲಕ್ಕೆ ಒತ್ತು, ಬಿಡಬೇಡ,” ಎಂದರು. ಅನಾರಾ ಮಂಡಿಯೂರಿ ಪಾದ ಹಿಡಿದಳು. ಅಷ್ಟರಲ್ಲಿ ಮುಕಾಶ್ ಕೊಳವೆ ಸಿಕ್ಕಿಸಿ ಮಾಸ್ಕನ್ನು ಮೂಗಿಗೆ ಹಿಡಿದ. ಆ ಒಂದು ನಿಮಿಷ ನನ್ನ ಆಯುಸ್ಸಿನಲ್ಲಿ ಎಷ್ಟು ತಿಂದಿತೋ ಗೊತ್ತಿಲ್ಲ. ಕೊನೆಗೆ ಹುಡುಗಿ ಉದ್ದಕ್ಕೆ ಉಸಿರೆಳೆದಳು, ತುಟಿಯ ಕಪ್ಪು ಮತ್ತೆ ನೀಲಿಗೆ ಇಳಿಯಿತು.

ಆ ದಿನ ಹಲ್ಲು ಮುಟ್ಟಲಿಲ್ಲ. ಹೃದಯದ ಡಾಕ್ಟರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ, ಮುಚ್ಚಿಡದೆ. ಮಂಡಿ ಮಡಿಚಿದ್ದು ಯಾರು ಎಂದು ಕೇಳಿದರು. ಅಜ್ಜಿ ಎಂದೆ. ನಾವು ಇಲ್ಲಿ ಮಾಡುವುದೂ ಮೊದಲು ಅದನ್ನೇ, ಆಕೆಗೆ ಯಾರು ಕಲಿಸಿದರು ಎಂದರು. ಯಾರೂ ಕಲಿಸಿಲ್ಲ, ಐದು ವರ್ಷ ನೋಡಿ ನೋಡಿ ಕಲಿತದ್ದು. ಹಾಗಾದರೆ ಮುಂದಿನ ಸಲ ಸ್ವಲ್ಪ ಮಂಪರಿನ ಔಷಧಿ ಕುಡಿಸಿ, ಆ ಅಜ್ಜಿಯನ್ನೇ ಕುರ್ಚಿಯಲ್ಲಿ ಕೂರಿಸಿ, ಮಗು ಆಕೆಯ ಮಡಿಲಲ್ಲಿರಲಿ ಎಂದರು.

ಈ ಮಾತನ್ನು ಬಾತ್ಮಾಗೆ ತಿಳಿಸಿದಾಗ, ಇನ್ನು ಸಾಕು ಎಂದು ಎದ್ದು ಹೋಗುತ್ತಾರೆ ಎಂದುಕೊಂಡಿದ್ದೆ. ಹೋದರೆ ತಪ್ಪೆನ್ನುವ ಮುಖ ನನಗಿರಲಿಲ್ಲ. ಅವರು ನನ್ನ ಕುರ್ಚಿಯನ್ನು ಒಮ್ಮೆ ಸುತ್ತು ಬಂದು ನೋಡಿದರು, ಕೊಳ್ಳುವ ಮೊದಲು ಕುದುರೆಯನ್ನು ನೋಡುವ ಹಾಗೆ.

“ನಾನು ಹಿಡ್ಕೊಂಡಿರ್ತೀನಿ. ಅವಳು ಅಳ್ತಾಳೆ, ಅಳಲಿ. ನೀನು ಕೈ ನಡುಗಿಸ್ಬೇಡ,” ಎಂದರು.

ಎರಡು ದಿನದ ನಂತರ ಮೊದಲ ಎರಡು ಹಲ್ಲು ಕಿತ್ತೆ. ಆಮೇಲೆ ಎರಡು, ಮಾರ್ಚ್ ಕೊನೆಗೆ ಇನ್ನೆರಡು. ಪ್ರತಿ ಸಲವೂ ಹುಡುಗಿ ಮಂಪರಿನಲ್ಲೇ ಅತ್ತಳು. ಪ್ರತಿ ಸಲವೂ ಬಾತ್ಮಾ ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿಕೊಂಡು, ಆ ಅಳುವನ್ನು ನಿಲ್ಲಿಸದೆ ಹಿಡಿದು ಕೂತರು. ಮೂರನೆಯ ಸಲ ಮುಗಿದಾಗ ಅವರ ತಲೆಯ ಬಿಳಿ ಬಟ್ಟೆ ಬೆವರಿಗೆ ಒದ್ದೆಯಾಗಿತ್ತು. ಮನೆಯಲ್ಲಿ ಬೆಳಿಗ್ಗೆ ಸಂಜೆ ಒಸಡು ಒರೆಸಿ, ಉಳಿದ ಹಲ್ಲು ಉಜ್ಜುವ ಕೆಲಸ ಅನಾರಾಳದ್ದಾಯಿತು. ಸಂಜೆಯ ಜ್ವರ ಬಿಟ್ಟಿತು. ರಕ್ತದ ಅಂಕಿ ಇಳಿಯಿತು. ಏಪ್ರಿಲ್ ಎಂಟಕ್ಕೆ ಬಾಯಿಯ ಮೂಲೆಮೂಲೆಯನ್ನೂ ದೀಪ ಹಿಡಿದು ನೋಡಿ ಚೀಟಿ ಬರೆದೆ.

ಆಸ್ಪತ್ರೆಯಲ್ಲಿ ಮಗುವಿನ ಜೊತೆ ಒಬ್ಬರೇ ಇರಬಹುದಿತ್ತು, ತಾಯಿ ಮಾತ್ರ. ಬಾತ್ಮಾ ಅನಾರಾಳನ್ನು ಕಳಿಸಿದರು. ತಾವು ರಾಜಧಾನಿಯಲ್ಲಿ ನೆಂಟರ ಮನೆಯಲ್ಲಿ ಕೂತು, ದಿನಾ ಆಸ್ಪತ್ರೆಯ ಗೇಟಿನವರೆಗೆ ಹೋಗಿ ವಾಪಸ್ ಬರುತ್ತಿದ್ದರಂತೆ.

ಜೂನ್ ಕೊನೆಯಲ್ಲಿ ಮೂವರೂ ನನ್ನ ಹತ್ತಿರ ಬಂದರು, ಉಳಿದ ಹಲ್ಲುಗಳನ್ನು ತೋರಿಸಲು. ಪೆರಿಜಾತ್ ಬಾಗಿಲಿನಿಂದ ಕುರ್ಚಿಯವರೆಗೆ ಓಡಿದಳು. ಎಲ್ಲೂ ಕುಕ್ಕರಿಸಲಿಲ್ಲ. ತುಟಿ ಬೇರೆ ಮಕ್ಕಳ ತುಟಿಯ ಬಣ್ಣ. ಎದೆಯ ನಡುವೆ ಉದ್ದ ಗಾಯದ ಗೆರೆ, ಅದನ್ನು ಕೇಳದಿದ್ದರೂ ಅಂಗಿ ಎತ್ತಿ ತೋರಿಸಿದಳು. ನೋಡಿ ಮುಗಿದಮೇಲೆ ಕುರ್ಚಿಯನ್ನು ಒಂದು ಸಲ ಮೇಲೆ ಕೆಳಗೆ ಆಡಿಸಿದೆ. ಇನ್ನೊಂದು ಸಲ ಎಂದಳು. ಆಡಿಸಿದೆ. ಇನ್ನೂ ಒಂದು ಸಲ ಎಂದಾಗ, ಹೊರಗೆ ಜನ ಕಾಯುತ್ತಿದ್ದಾರೆ, ಸಾಕು ಇಳಿ ಎಂದೆ.

ಹುಡುಗಿ ಇಳಿದು, ನೆಲದ ಮೇಲೆ ಅಂಗಾತ ಬಿದ್ದು, ಕಾಲು ಬಡಿದು, ಸೂರು ಹಾರುವ ಹಾಗೆ ಅಳಲು ಶುರು ಮಾಡಿದಳು. ನಾನು ಅಭ್ಯಾಸದಿಂದ ಬಗ್ಗಿದೆ. ಅನಾರಾ ಮುಂದಕ್ಕೆ ಬಂದಳು. ಬಾತ್ಮಾ ಕೈ ಎತ್ತಿ ಇಬ್ಬರನ್ನೂ ತಡೆದರು.

“ಬಿಡಿ. ಅವಳು ಅಳೋದನ್ನ ಕೊನೇವರೆಗೂ ಕೇಳಿಲ್ಲ ನಾನು.”

ಮೂವರೂ ನಿಂತು ಕೇಳಿದೆವು. ಹೊರಗೆ ಕಾಯುತ್ತಿದ್ದವರು ಬಾಗಿಲಲ್ಲಿ ಇಣುಕಿ, ಇದೇನು ಮಗುವನ್ನು ನೆಲಕ್ಕೆ ಕೆಡವಿ ಸುತ್ತ ನಿಂತಿದ್ದಾರಲ್ಲ ಎಂದು ನೋಡಿದರು. ಹುಡುಗಿಯ ಮುಖ ಕೆಂಪಾಯಿತು, ಇನ್ನೂ ಕೆಂಪಾಯಿತು, ಕೆಂಪಾಗಿಯೇ ಇತ್ತು. ಆಮೇಲೆ ದನಿ ಸಣ್ಣದಾಯಿತು, ಬಿಕ್ಕಳಿಕೆಯಾಯಿತು. ಹುಡುಗಿಗೆ ತನ್ನ ಅಳುವೇ ಬೇಸರವಾಗಿ ಎದ್ದು ಕೂತು, ಅಂಗಿಯ ತೋಳಿಗೆ ಮೂಗು ಒರೆಸಿಕೊಂಡು, ನೀರು ಬೇಕು ಎಂದಳು.

ಅನಾರಾ ನೀರು ತಂದಳು. ಬಾತ್ಮಾ ಬೆಂಚಿನ ಮೇಲೆ ಕುಸಿದು ಕೂತು, ತಲೆಯ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದರು. ನಾವು ಯಾರೂ ತಡೆಯಲಿಲ್ಲ.